ಕಟಕೋಳ ಹಿಂಡಿ

ಮೊಮ್ಮಕ್ಕಳೇ, ನಮ್ಮ ಮನೆಯಲ್ಲಿ ಸೊಸೆಯಂದಿರನ್ನು ತವರೂರಿನ ಹೆಸರಿನಿಂದ ಕರೆಯುವ ರೂಢಿ. ನಾನು ಸಾಲಹಳ್ಳಿಯಾಕಿ. ತೊಂಬತ್ತರ ದಶಕದಲ್ಲಿ ಮೈದುನನ ಮದುವೆಯಾಗಿ ನೆಗೆಣ್ಣಿ ಬಂದಳು, ಅವಳು ಕಟಕೋಳದಾಕಿ.

ಬಂದ ಹೊಸದರಲ್ಲೇ ಅವಳು ಗುರೆಳ್ಳು ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಒಂದು ಎಸಳು ಹುಣಸೆಹಣ್ಣು ಹಾಕಿ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದಳು. ಅತ್ತೆ ರೊಟ್ಟಿಗೆ ಹಚ್ಚಿಕೊಂಡು, "ಇದು ನೋಡ್ರಿ ಕಟಕೋಳ ಹಿಂಡಿ!" ಅಂದರು. ಅವತ್ತಿನಿಂದ ಅದೇ ಹೆಸರಾಯಿತು. ಹುಣಸೆಹಣ್ಣೊಂದು ಬಿಟ್ಟರೆ ಅದೇ ಹಿಂಡಿಯನ್ನು ಅದೇ ಒರಳಿನಲ್ಲಿ ನಾನು ಎಷ್ಟೋ ವರ್ಷ ಕುಟ್ಟಿದ್ದೆ. ನನ್ನದನ್ನು ಯಾರೂ ಸಾಲಹಳ್ಳಿ ಹಿಂಡಿ ಅಂದಿರಲಿಲ್ಲ. ಅದು ಬರೀ ಹಿಂಡಿ.

ನೆಗೆಣ್ಣಿ ಬಾಣಂತನಕ್ಕೆ ತವರಿಗೆ ಹೋದಳು. ಹಿಂಡಿಯ ಡಬ್ಬಿ ಬರಿದಾದಾಗ ನಾನು ನನ್ನ ರೀತಿಯಲ್ಲೇ ಕುಟ್ಟಿ ತುಂಬಿಟ್ಟೆ. ನಿಮ್ಮ ಅಜ್ಜ ಇನ್ನೊಂದು ರೊಟ್ಟಿ ಹಾಕಿಸಿಕೊಂಡು, "ಕಟಕೋಳದಾಕಿ ಹೋಗುಮುಂದ ಹಿಂಡಿ ಮಾಡಿಟ್ಟ ಹೋಗ್ಯಾಳಲ್ಲ! ಆ ಹುಳಿ ಏನ್ ಹದಾ ಐತಿ," ಅಂದರು.

"ನೀನೂ ಈಟ ಕಲಕೋ, ಸಾಲಹಳ್ಳಿಯಾಕಿ," ಅಂತ ಅತ್ತೆ ನಕ್ಕರು.

ನಾನು ಮುಂದಿನ ರೊಟ್ಟಿ ಬಡಿದೆ. ಎಲ್ಲರದೂ ಆದ ಮೇಲೆ ನಾನು ಉಣ್ಣಲು ಕುಳಿತೆ. ಹುಣಸೆಹಣ್ಣು ಹಾಕಿರಲೇ ಇಲ್ಲ, ಆದರೂ ನನ್ನ ನಾಲಿಗೆಗೂ ಹುಳಿ ಹತ್ತಿತು. ಅದನ್ನು ನಾನು ಇವತ್ತಿಗೂ ಸಹಿಸಲಾರೆ.

ನೆಗೆಣ್ಣಿ ಕೂಸಿನೊಂದಿಗೆ ಮರಳಿ ಬಂದಳು. ಹಿಂಡಿ ಹಚ್ಚಿಕೊಂಡ ಮೊದಲ ತುತ್ತಿಗೇ, "ಇದು ನಾ ಮಾಡಿದ್ದಲ್ರಿ ಅತ್ತಿ. ಅಕ್ಕಾರ ಕುಟ್ಟ್ಯಾರ. ಇದರಾಗ ಹುಣಸಿಹಣ್ಣ ಎಲ್ಲೈತ್ರಿ?" ಅಂದಳು.

"ಯಾರರ ಕುಟ್ಟಲಿ, ಕಟಕೋಳ ಹಿಂಡಿ ಚಲೋ ಆಗೇತಿ," ಅಂದರು ಅತ್ತೆ.

ನಿಮ್ಮ ಅಜ್ಜ ನನ್ನ ಕಡೆ ತಿರುಗಿ, "ನೋಡು, ಎಂಥಾ ದೊಡ್ಡ ಮನಸ್ಸಿನಾಕಿ!" ಅಂದರು. ನನ್ನ ಹಿಂಡಿಗೆ ಸಿಕ್ಕ ಹೊಗಳಿಕೆಯೂ ಅವಳದಾಯಿತು, ನಿಜ ಹೇಳಿದ ಹೊಗಳಿಕೆಯೂ ಅವಳದೇ ಆಯಿತು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು!

ಈಗ ಅತ್ತೆಯಿಲ್ಲ, ನಿಮ್ಮ ಅಜ್ಜನೂ ಇಲ್ಲ. ನೆಗೆಣ್ಣಿ ಮಗನ ಜೊತೆ ಸವದತ್ತಿಯಲ್ಲಿದ್ದಾಳೆ. ನೀವು ಮಾತ್ರ, "ಆಯಿ, ಕಟಕೋಳ ಹಿಂಡಿ ಹಾಕ," ಅಂತ ನನ್ನ ಮುಂದೆಯೇ ತಾಟು ಹಿಡಿಯುತ್ತೀರಿ. ನಾನು ಹಾಕುತ್ತೇನೆ. ಒಮ್ಮೆಯಾದರೂ ಆಯಿ ಹಿಂಡಿ ಅಂತ ಕೇಳಿ ಉಣ್ಣಿರಿ. ನಿಮ್ಮ ಬಾಯಿಗೆ ಅದು ಹೇಗೆ ಹತ್ತುತ್ತದೆಂದು ಎದುರಿಗೆ ಕುಳಿತು ನೋಡುವ ಆಸೆ ನನಗೆ.