ಆಯುಧಪೂಜೆಗೆ ಆಫ್ ಮಾಡಿದ ಫ್ರೀಜರು

ಇದು ಹೋದ ವರ್ಷದ ಮಾತು. ಶಿಕಾರಿಪುರದ ಬಸ್ ನಿಲ್ದಾಣದ ಹಿಂದೆ ನನ್ನ ಫ್ರಿಜ್ ರಿಪೇರಿ ಅಂಗಡಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಸ್ಪ್ಯಾನರ್ ಹಿಡಿದವನು ನಾನು. ನನ್ನ ಮೊಮ್ಮಗಳು ಸಹನಾ ಇಲ್ಲಿನ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಸಂಶೋಧನೆ ಮಾಡುತ್ತಾಳೆ. ಇದನ್ನು ಬರೆಯುವಾಗ ಖುಷಿಯೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಅವಳ ಕೆಲಸ ಸಮುದ್ರದ ಸ್ಪಂಜುಗಳದ್ದು. ಪಾತ್ರೆ ತಿಕ್ಕುವ ಸ್ಪಂಜಲ್ಲ, ಜೀವ ಇರುವಂಥದ್ದು. ಹಿಮ ಬೀಳುವ ದೇಶಗಳ ಸಮುದ್ರದ ತಳದಲ್ಲಿ ಬಂಡೆಗೆ ಅಂಟಿಕೊಂಡಿರುತ್ತದೆ. ಓಡಲಾರದು, ಕಚ್ಚಲಾರದು. ಅದಕ್ಕೇ ತಿನ್ನಲು ಬಂದವರನ್ನು ದೂರವಿಡಲು ಮೈಯಲ್ಲೇ ರಾಸಾಯನಿಕ ತಯಾರಿಸಿಕೊಳ್ಳುತ್ತದಂತೆ. ಅದು ನಮ್ಮ ಗಾಯ ಕೀವಾಗಿಸುವ ಕ್ರಿಮಿಯನ್ನೂ ತಡೆದೀತೇ ಎಂಬುದು ಅವಳ ಹುಡುಕಾಟ. ಸ್ಪಂಜಿನ ತುಣುಕುಗಳು ಸಮುದ್ರ ಸಂಶೋಧನೆಯ ಹಡಗಿನವರಿಂದ ಬಂದವು, ಮತ್ತೆ ಸಿಗುವಂಥವಲ್ಲ. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಡೀಪ್ ಫ್ರೀಜರಿನಲ್ಲಿಡಬೇಕು. ಕರಗಿ ಕೊಳೆತರೆ ಹುಡುಕುವ ವಸ್ತುವೇ ಕೆಡುತ್ತದೆ.

ಆಯುಧಪೂಜೆಯ ಬೆಳಿಗ್ಗೆ ಫೋನ್ ಬಂತು. "ಅಜ್ಜಾ, ಫ್ರೀಜರ್ ಆಫ್ ಆಗೈತಿ. ಲಗೂನ ಬಾ."

ಲ್ಯಾಬಿಗೆ ಹೋಗಿ ನೋಡಿದರೆ ಫ್ರೀಜರಿನ ಮೈತುಂಬ ವಿಭೂತಿ ಪಟ್ಟೆ, ಹಿಡಿಕೆಗೆ ಚೆಂಡುಹೂವಿನ ಹಾರ. ಹಿಂದಿನ ಸಂಜೆ ಅಟೆಂಡರ್ ರುದ್ರಪ್ಪ ಪ್ಲಗ್ ಕಿತ್ತು, ಬಕೆಟ್ ನೀರು ಸುರಿದು ತೊಳೆದು ಪೂಜೆ ಮಾಡಿದ್ದ. ಪೂಜೆಗಿಟ್ಟ ಯಂತ್ರ ಹಬ್ಬ ಮುಗಿಯುವವರೆಗೆ ಓಡಬಾರದು ಎಂದು ನಮ್ಮ ಕಡೆ ನಂಬಿಕೆ. ಟ್ರ್ಯಾಕ್ಟರಿಗೂ ಅದೇ, ಹೊಲಿಗೆ ಮಿಷನ್ನಿಗೂ ಅದೇ.

"ವರ್ಷವಿಡೀ ದುಡಿತೈತಿ ಪಾಪ. ಒಂದಿನ ವಿಶ್ರಾಂತಿ ಕೊಡಾನ ಅಂದೆ" ಅಂದ ಅಲ್ಲೇ ನಿಂತಿದ್ದ ರುದ್ರಪ್ಪ.

ಫ್ರೀಜರಿನ ಒಳಗೋಡೆಯ ಹಿಮ ಕರಗಿ ಹನಿಯುತ್ತಿತ್ತು. ಸಹನಾ ಆಗಲೇ ಪ್ಲಗ್ ಹಾಕಿ ನೋಡಿದ್ದಳಂತೆ, ಗುರ್ ಅಂದು ನಿಂತಿತಂತೆ. ಲ್ಯಾಬಿನ ಸ್ಕ್ರೂಡ್ರೈವರಿನಲ್ಲಿ ಹಿಂಬದಿ ಬಿಚ್ಚಿದೆ. ಕಂಪ್ರೆಸರನ್ನು ಎಬ್ಬಿಸುವ ರಿಲೇ ಎಂಬ ಸಣ್ಣ ಸಾಮಾನು ನೀರು ಹೊಕ್ಕು ಸುಟ್ಟಿತ್ತು. ಹಬ್ಬಕ್ಕೆ ಅಂಗಡಿಗಳೆಲ್ಲ ಬಂದ್. ಅಂಥ ರಿಲೇ ಇದ್ದದ್ದು ನನ್ನ ಅಂಗಡಿಯಲ್ಲಿ ಪೂಜೆಗಿಟ್ಟ ಫ್ರಿಜ್ಜಿನಲ್ಲಿ. ಅದನ್ನೇ ತರುತ್ತೇನೆ ಎಂದೆ.

ಸಿಹಿ ಹಂಚಲು ಬಂದಿದ್ದ ವಿಭಾಗದ ಮುಖ್ಯಸ್ಥರು ನಕ್ಕರು. "ಪೂಜಿಗಿಟ್ಟದ್ದು ಬಿಚ್ತೀರೇನ್ರೀ? ನಾಳೆ ಮಾಡಿದ್ರಾತು. ಸ್ಪಂಜೇನು ಎದ್ದು ಓಡಿಹೋಗತೈತಾ?"

ಮೊಮ್ಮಗಳ ಕಣ್ಣು ತುಂಬಿದ್ದನ್ನು ನೋಡಿದೆ. "ಸರ್, ನಿಮ್ಮ ಮನೀ ಫ್ರಿಜ್ಜು ನಿನ್ನೆ ಆಫ್ ಮಾಡಿದ್ರಾ?" ಅಂದೆ. ಅವರು ಕೈಯಲ್ಲಿದ್ದ ಸಿಹಿಯ ಡಬ್ಬಿ ಮುಚ್ಚಿದರು. "ಹಂಗಾದ್ರೆ ದಾರಿ ಬಿಡ್ರಿ."

ಅಂಗಡಿಯಲ್ಲಿ ಕೈ ಒಂದು ಕ್ಷಣ ಹಿಂಜರಿಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಹಾರ ಸರಿಸಿ ರಿಲೇ ಕಿತ್ತೆ. ಮಧ್ಯಾಹ್ನದೊಳಗೆ ಫ್ರೀಜರ್ ಓಡಿತು. ಮೇಲಿನ ಸಾಲಿನ ತುಣುಕುಗಳು ಕರಗಿ ನಾರುತ್ತಿದ್ದವು. ತಳದವು ಕಲ್ಲಿನಂತೆ ಗಟ್ಟಿಯಾಗಿದ್ದವು.

ತಿಂಗಳುಗಳ ಮೇಲೆ, ಆ ತಳದ ಒಂದು ಸ್ಪಂಜಿನಲ್ಲಿ ಹಿಂದೆ ಯಾರೂ ಕಂಡಿರದ ರಾಸಾಯನಿಕ ಸಿಕ್ಕಿತು. ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಅದು ಕೀವಿನ ಕ್ರಿಮಿಯನ್ನು ಬೆಳೆಯಗೊಡಲಿಲ್ಲ. ಔಷಧಿಯಾಗಲು ಇನ್ನೂ ಬಹಳ ದೂರವಂತೆ. ಆಗಲಿ. ನಾನು ನಮ್ಮ ಸಾಲಿನ ಅಂಗಡಿಗಳಿಗೆಲ್ಲ ಮಂಡಕ್ಕಿ ಮಿರ್ಚಿ ತಿನ್ನಿಸಿದೆ. ಮೊಮ್ಮಗಳೆಂದರೆ ಹಾಗಿರಬೇಕು! ಮುಖ್ಯಸ್ಥರು ಅದೇ ಫ್ರೀಜರಿಗೆ ಒರಗಿ ಫೋಟೊ ತೆಗೆಸಿಕೊಂಡರು.

ಯಂತ್ರಕ್ಕೆ ಕೈ ಮುಗಿಯುವ ಮೊದಲು ಅದರೊಳಗೆ ಯಾರ ದುಡಿಮೆ ಇದೆ ಎಂದು ಕೇಳಬೇಕು. ಈ ರಿಪೇರಿ ಕೆಲಸ ನನಗೆ ಕಲಿಸಿದ್ದು ಅಷ್ಟೇ. ಮೇಲಿನ ಸಾಲಿನಲ್ಲಿ ಕರಗಿಹೋದದ್ದರಲ್ಲಿ ಏನಿತ್ತೋ, ಅದನ್ನು ಇನ್ನು ಯಾರೂ ಹೇಳಲಾರರು.