ಪಂಚಾಕ್ಷರಿಯವರ ಮಿತಾಹಾರ

ಬಸವೇಶ್ವರನಗರದ ಪಾರ್ಕಿನಲ್ಲಿ ಬೆಳಗ್ಗೆ ನಡೆಯಲು ಬರುವವರಿಗೆಲ್ಲ ಪಂಚಾಕ್ಷರಿ ಅರ್ಧ ಡಾಕ್ಟರಿದ್ದಂತೆ. ದಾವಣಗೆರೆ ಕಡೆಯಿಂದ ಬಂದು, ಸರ್ಕಾರಿ ಕಚೇರಿಯಲ್ಲಿ ದುಡಿದು ನಿವೃತ್ತರಾದವರು. ಸಕ್ಕರೆ ಕಾಯಿಲೆ ಅಂಟಿ ಹನ್ನೆರಡು ವರ್ಷವಾಗಿದ್ದರೂ ರಕ್ತದ ವರದಿ ಒಮ್ಮೆಯೂ ಕೆಟ್ಟದ್ದಿಲ್ಲ.

"ನಾಲಿಗೆ ಹಿಡಿತದಲ್ಲಿರ್ಬೇಕು ಬೈರಪ್ಪ. ತಟ್ಟೇಲಿ ಎಷ್ಟೇ ಇರ್ಲಿ, ಅರ್ಧಕ್ಕೆ ಕೈ ತೊಳ್ಕೊಂಡ್‌ಬಿಡ್ಬೇಕು" ಎಂದು ಅವರು ಹೇಳಿದರೆ, ಮೂಡಲಪಾಳ್ಯದಿಂದ ಬರುವ ಗೆಳೆಯ ಬೈರಪ್ಪ ನಗುತ್ತಿದ್ದ. "ನಾನು ಅರ್ಧಕ್ಕೆ ಎದ್ರೆ ನಮ್ಮೋಳು ಮಿಕ್ಕಿದ್ದನ್ನ ತಲೆ ಮೇಲೆ ಸುರೀತಾಳೆ ಸಾರ್! ನಿಮ್ಮನೇಲಿ ಏನ್ಮಾಡ್ತಾರೆ?"

ಅದೊಂದು ಕೇಳುವಂಥ ಪ್ರಶ್ನೆಯೆಂದು ಪಂಚಾಕ್ಷರಿಗೆ ಅನ್ನಿಸಿರಲೇ ಇಲ್ಲ.

ಮಿಕ್ಕಿದ್ದನ್ನು ಹೆಂಡತಿ ಬಸವರಾಜೇಶ್ವರಿ ಉಣ್ಣುತ್ತಿದ್ದರು. ಆ ಮನೆಯಲ್ಲಿ ತಟ್ಟೆಗೆ ಬಿದ್ದದ್ದೆಲ್ಲ ಪ್ರಸಾದ, ಒಂದು ಅಗುಳನ್ನೂ ಚೆಲ್ಲುವಂತಿಲ್ಲ. ತಟ್ಟೆ ತುಂಬ ಬಡಿಸುವುದು ಅತ್ತೆಯ ಕಾಲದಿಂದ ಬಂದ ಕ್ರಮ, ಅರ್ಧಕ್ಕೆ ಏಳುವುದು ಡಾಕ್ಟರು ಹೇಳಿದ ಕ್ರಮ. ಎರಡರ ನಡುವೆ ಉಳಿದ ಅನ್ನ ಬಸವರಾಜೇಶ್ವರಿಯ ಪಾಲು. ಹೋಳಿಗೆ ಮಾಡಿದ ದಿನ ಪಂಚಾಕ್ಷರಿ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡು, ತಟ್ಟೆಯನ್ನು ಆಕೆಯ ಕಡೆ ಸರಿಸುತ್ತಿದ್ದರು. ಅದು ಮುಗಿದ ಮೇಲೆ ಆಕೆಯ ಊಟ.

ಹೋದ ವರ್ಷ ಬಸವರಾಜೇಶ್ವರಿ ಆರಿಸಿದ ಅಕ್ಕಿಯಲ್ಲಿ ಕಲ್ಲು ಸಿಗತೊಡಗಿತು. "ಕನ್ನಡಕ ಬದಲಾಯಿಸ್ಕೊಳ್ಳೇ" ಎಂದು ಪಂಚಾಕ್ಷರಿ ಗದರಿದರು. ಆಕೆ ಗಳಿಗೆಗೊಮ್ಮೆ ನೀರು ಕುಡಿಯುತ್ತಿದ್ದುದಕ್ಕೆ ಬೇಸಿಗೆಯನ್ನು ಬೈದರು. ಪಾರ್ಕಿನಲ್ಲಿ ಬೆರಳು ಮಡಚಿ ಮಡಚಿ ಹೇಳುತ್ತಿದ್ದ ಲಕ್ಷಣಗಳೇ ಅವು. ಸ್ವಂತ ಮನೆಯಲ್ಲಿ ಗುರುತು ಹತ್ತಲಿಲ್ಲ.

ಕನ್ನಡಕದ ಅಂಗಡಿಯವನು ಗಾಜು ಬದಲಿಸಿ ಬದಲಿಸಿ ಸೋತು, ಕಣ್ಣಾಸ್ಪತ್ರೆಗೆ ಕಳಿಸಿದ. ಅಲ್ಲಿ ರಕ್ತವನ್ನೂ ಪರೀಕ್ಷಿಸಿದ ಡಾಕ್ಟರಮ್ಮ ಕೇಳಿದರು, "ಶುಗರ್ ಎಷ್ಟ್ ವರ್ಷದಿಂದ ಇದೆ ಅಮ್ಮ?"

"ನನಗಲ್ಲ ಡಾಕ್ಟ್ರೇ, ಇವ್ರಿಗೆ."

"ನಿಮಗೇ ಇದೆ. ತುಂಬಾ ವರ್ಷದಿಂದ ಇದ್ದಂಗಿದೆ. ಯಾವತ್ತೂ ಟೆಸ್ಟ್ ಮಾಡ್ಸಿಲ್ವಾ?"

"ಲ್ಯಾಬ್‌ನೋರು ಮನೆಗೇ ಬಂದು ಇವ್ರ ರಕ್ತ ತಗೊಂಡು ಹೋಗ್ತಾರೆ. ನಾನು ಅವ್ರಿಗೆ ಕಾಫಿ ಕೊಡ್ತೀನಿ" ಎಂದರು ಬಸವರಾಜೇಶ್ವರಿ.

ಡಾಕ್ಟರಮ್ಮ ಪಂಚಾಕ್ಷರಿಯ ಮುಖ ನೋಡಿದರು. ಎಡಗಣ್ಣಿನಲ್ಲಿ ಹೋದ ದೃಷ್ಟಿ ಮತ್ತೆ ಬರುವುದಿಲ್ಲ, ಬಲಗಣ್ಣಿಗೆ ಲೇಸರ್ ಮಾಡಬಹುದು, ಆದರೆ ಸಕ್ಕರೆ ಇಳಿಯದಿದ್ದರೆ ಅದೂ ಉಳಿಯುವುದಿಲ್ಲ ಎಂದು ಬಿಡಿಸಿ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಕುಳಿತಾಗ ಪಂಚಾಕ್ಷರಿಗೆ ಸಿಟ್ಟು ಬಂತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಆಕೆಯ ಮೇಲೇ ಹಾಕಿದರು. "ನನ್ ತಟ್ಟೇದೆಲ್ಲ ನೀನ್ಯಾಕೇ ಉಂಡೆ? ಬೇಡ ಅನ್ನೋಕೆ ಬಾಯಿರ್ಲಿಲ್ವಾ?"

ಬಸವರಾಜೇಶ್ವರಿ ಔಷಧಿ ಹಾಕಿದ್ದ ಕಣ್ಣುಗಳನ್ನು ಮುಚ್ಚಿಕೊಂಡೇ ಹೇಳಿದರು. "ಪಾರ್ಕಲ್ಲಿ ಊರಿಗೆಲ್ಲ ಮಾತಾಡ್ತೀರ. ಮನೇಲಿ ನನ್ ಜೊತೆ ನಾಲ್ಕ್ ಮಾತಿಲ್ಲ. ಆದ್ರೂ ಹೋಳಿಗೆ ಮುರಿದು ತಟ್ಟೆ ನನ್ ಕಡೆ ಸರಿಸ್ತಿದ್ರಲ್ಲ... ಪ್ರೀತಿಗೆ ಅಂದ್ಕೊಂಡಿದ್ದೆ ಕಣ್ರೀ."

ಪಂಚಾಕ್ಷರಿ ಬಾಯಿ ತೆರೆದರು. ಹೌದು ಎಂದರೆ ಸುಳ್ಳಾಗುತ್ತಿತ್ತು. ಅಲ್ಲ ಎನ್ನಲು ನಾಲಿಗೆ ಏಳಲಿಲ್ಲ.

ಈಗ ಬಡಿಸುವುದು ಅವರೇ. ಇಬ್ಬರಿಗೂ ಮೊದಲೇ ಬೇಕಾದಷ್ಟನ್ನೇ ಹಾಕಿದರೆ ಏನೂ ಮಿಗುವುದಿಲ್ಲ. ಇಷ್ಟು ಸುಲಭದ ಕೆಲಸ ಅಷ್ಟು ವರ್ಷ ಹೊಳೆಯಲಿಲ್ಲವಲ್ಲ ಎಂದು ಸೌಟು ಹಿಡಿದಾಗೆಲ್ಲ ಅವರ ಕೈ ತಡೆಯುತ್ತದೆ. ಬಲಗಣ್ಣು ಸದ್ಯಕ್ಕೆ ಉಳಿದಿದೆ. ಸಂಜೆ ಇಬ್ಬರೂ ಒಟ್ಟಿಗೆ ನಡೆಯಲು ಹೊರಡುತ್ತಾರೆ. ಗಾಡಿ ತಾಗೀತೆಂದು ಪಂಚಾಕ್ಷರಿ ಆಕೆಯ ಎಡಕ್ಕೇ ಇರುತ್ತಾರೆ. ಏನಾದರೂ ಹೇಳಬೇಕೆಂದು ದಾರಿಯುದ್ದಕ್ಕೂ ಆಕೆಯ ಕಡೆ ತಿರುಗುತ್ತಾರೆ. ಆ ಬದಿಯಿಂದ ಅವರ ಮುಖ ಆಕೆಗೆ ಕಾಣುವುದಿಲ್ಲ.