ಅತ್ತಿಗೆ ಟ್ಯಾಂಕು ತೊಳೆದದ್ದು

ನಮ್ಮ ಅತ್ತಿಗೆಗೆ ಬೀದಿಯಲ್ಲೆಲ್ಲ ಬ್ಲೀಚಿಂಗ್ ಅಕ್ಕ ಎಂದೇ ಹೆಸರು. ಹೆಸರಿಟ್ಟವಳು ಪಕ್ಕದ ಮನೆಯ ಟೈಲರ್ ಹೆಂಗಸು. ಕೇಳಿದ ದಿನ ಹೊಟ್ಟೆ ಹುಣ್ಣಾಗುವಷ್ಟು ನಕ್ಕವಳು ನಾನು. ಆಸ್ಪತ್ರೆಯ ವಾರ್ಡುಗಳಲ್ಲಿ ನೆಲ ಒರೆಸುತ್ತಲೇ ತಲೆ ನರೆಸಿಕೊಂಡವಳು ಅತ್ತಿಗೆ. ನಿವೃತ್ತಿಯಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ಅಣ್ಣನನ್ನು ನೋಡಲು ಹೋದರೆ, ನಾನು ಇನ್ನೂ ಪೂರ್ತಿ ಕುಡಿಯದ ಲೋಟ ಆಗಲೇ ತೊಳೆಯಲು ಹೋಗಿರುತ್ತಿತ್ತು. "ನನ್ನನ್ನೂ ಒಂದ್ಸಲ ಅದ್ದಿ ತೆಗೆ ಅತ್ತಿಗೆ" ಎಂದರೆ, "ಮೊದ್ಲು ಚಪ್ಪಲಿ ಹೊರಗೆ ಬಿಟ್ಯಾ ಹೇಳು" ಎನ್ನುತ್ತಿದ್ದಳು.

ಅಣ್ಣನಿಗೆ ಪಾರ್ಶ್ವವಾಯು ಹೊಡೆದು ಬಲಭಾಗ ಬಿದ್ದುಹೋದಾಗ ಅವನು ತೊದಲುತ್ತ ಕೇಳಿಕೊಂಡದ್ದು ಒಂದೇ: ತನ್ನನ್ನು ವಾರ್ಡಿಗೆ ಮಾತ್ರ ಹಾಕಬಾರದು. ಕರೆದರೂ ಯಾರೂ ಬಾರದೆ ಒದ್ದೆ ಹಾಸಿಗೆಯಲ್ಲೇ ಬೆಳಗು ಮಾಡುವ ಗಂಡಸರ ಕಥೆಗಳನ್ನು ಹೆಂಡತಿಯ ಬಾಯಲ್ಲೇ ವರ್ಷಗಟ್ಟಲೆ ಕೇಳಿದ್ದನಲ್ಲ. "ನನ್ನ ಜೀವ ಇರೋ ತನಕ ಕಳ್ಸಲ್ಲ ರೀ" ಎಂದು ಅತ್ತಿಗೆ ಮಾತು ಕೊಟ್ಟಳು. ಗಾಲಿಕುರ್ಚಿಯಲ್ಲಿ ಬಚ್ಚಲಿಗೆ ತಳ್ಳಿಕೊಂಡು ಹೋಗಿ, ಬಿಸಿನೀರು ಹೊಯ್ದು, ಬೆನ್ನೊರೆಸಿ, ಹಾಸಿಗೆ ಬದಲಿಸುವುದರಲ್ಲೇ ಅವಳ ದಿನ ಕಳೆಯುತ್ತಿತ್ತು. ಅಣ್ಣನ ಬೆನ್ನಿನಲ್ಲಿ ಒಂದು ಹುಣ್ಣೂ ಏಳಲು ಅವಳು ಬಿಟ್ಟಿರಲಿಲ್ಲ.

ಅವರ ಬಡಾವಣೆಗೆ ಒಳಚರಂಡಿ ಬಂದಿಲ್ಲ. ಪ್ರತಿ ಮನೆಯ ಹಿತ್ತಲಲ್ಲೂ ಸೆಪ್ಟಿಕ್ ಟ್ಯಾಂಕು. ಕೆಳಗಿನ ಕೆರೆ ನಾರತೊಡಗಿದ ಮೇಲೆ ಪುರಸಭೆಯ ನಿಯಮ ಬದಲಾಯಿತು. ಟ್ಯಾಂಕಿಗೆ ಗಾಳಿ ಊದುವ ಪಂಪು ಕೂರಿಸಬೇಕು, ಹೊರಬೀಳುವ ನೀರನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಕೊಡಬೇಕು. ಜನ ಗೊಣಗಿಕೊಂಡೇ ಕೂರಿಸಿದರು. ಆಮೇಲೆ ಆ ನಿಯಮಕ್ಕೆ ಇನ್ನೊಂದು ಬಾಲ ಬೆಳೆಯಿತು. ಮೊದಲೆಲ್ಲ ನೀರು ಕೆಟ್ಟಿದ್ದರೆ ಸರಿಪಡಿಸಿಕೊಳ್ಳಲು ಬಿಡುವು ಕೊಡುತ್ತಿದ್ದರು. ಇನ್ನು ಮುಂದೆ ಪರೀಕ್ಷೆಯಲ್ಲಿ ಬಿದ್ದ ಮನೆಯ ಬಚ್ಚಲು, ಪಾಯಿಖಾನೆಯ ಕೊಳವೆಗಳಿಗೆ ಕೂಡಲೇ ಸೀಲು. ಮತ್ತೆ ಪಾಸಾಗುವವರೆಗೆ ಅದನ್ನು ತೆಗೆಯುವಂತಿಲ್ಲ.

ಅತ್ತಿಗೆ ಇದಕ್ಕೆಲ್ಲ ಹೆದರಲಿಲ್ಲ. ಶುಚಿಯ ಪರೀಕ್ಷೆ ತಾನೇ, ಅದರಲ್ಲಿ ಅವಳನ್ನು ಮೀರಿಸುವವರು ಯಾರು? ತಪಾಸಣೆಯ ಹಿಂದಿನ ದಿನ ನಾನು ಹೋದಾಗ ಹಿತ್ತಲ ತುಂಬ ಆಸ್ಪತ್ರೆಯ ವಾಸನೆ. ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಟ್ಯಾಂಕಿನ ಮುಚ್ಚಳ ಸರಿಸಿ, ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಬಕೆಟ್ಟುಗಟ್ಟಲೆ ಒಳಗೆ ಸುರಿಯುತ್ತಿದ್ದಳು.

"ಹಂಗೇ ಪಕ್ಕದಲ್ಲಿ ಒಂದು ಟವೆಲ್ಲೂ ಇಟ್ಬಿಡು, ಮೈ ಒರೆಸ್ಕೊಳ್ಳಲಿ" ಎಂದೆ.

"ನಗ್ಬೇಡ ನೀನು. ನಾಲ್ಕು ಜನ ನೋಡೋಕೆ ಬರ್ತಾರೆ ಅಂದ್ರೆ ಗಲೀಜಾಗಿ ಇಟ್ಕೊಂಡಿರೋಕಾಗುತ್ತಾ? ಪಕ್ಕದವಳನ್ನ ನೋಡು, ಮುಚ್ಚಳದ ಮೇಲಿನ ಕಸಾನೂ ಗುಡಿಸಿಲ್ಲ."

ತಪಾಸಣೆಯವರು ಬಂದು ಎರಡೂ ಮನೆಯ ನೀರು ತುಂಬಿಕೊಂಡು ಹೋದರು. ಪಕ್ಕದವಳದ್ದು ಪಾಸು. ಅತ್ತಿಗೆಯದು ಫೇಲು.

ಸೀಲು ಬಿದ್ದ ಸಂಜೆ ಪಂಪು ರಿಪೇರಿಯವನು ಬಂದು ಟ್ಯಾಂಕಿಗೆ ಬಗ್ಗಿ ನೋಡಿ ತಲೆ ಮೇಲೆ ಕೈ ಹೊತ್ತುಕೊಂಡ. "ಅಮ್ಮಾ, ಇದ್ರೊಳಗೆ ಗಲೀಜು ತಿಂದು ಬದುಕೋ ಸಣ್ಣ ಸಣ್ಣ ಜೀವ ಇರ್ತವೆ. ಪಂಪು ಗಾಳಿ ಕೊಡೋದೇ ಅವಕ್ಕೆ. ನೀವು ಎಲ್ಲಾನೂ ಸಾಯಿಸ್ಬಿಟ್ಟಿದ್ದೀರ."

"ಹಂಗಾದ್ರೆ ತೊಳೀಬಾರ್ದಿತ್ತಾ?"

"ಏನೂ ಮಾಡ್ದೆ ಇದ್ದಿದ್ರೆ ಪಾಸಾಗ್ತಿತ್ತು."

ಅತ್ತಿಗೆ ಅಲ್ಲೇ ಹಿತ್ತಲ ಕಲ್ಲಿನ ಮೇಲೆ ಕೂತಳು. ನನಗೆ ನಗು ಬರಲಿಲ್ಲ. ಜೀವಮಾನವಿಡೀ ಅವಳಿಗೆ ಬಂದದ್ದು ಅದೊಂದೇ ಕೆಲಸ.

ಟ್ಯಾಂಕಿಗೆ ಜೀವ ಬರಬೇಕಾದರೆ ಚೆನ್ನಾಗಿ ನಡೆಯುವ ಇನ್ನೊಂದು ಟ್ಯಾಂಕಿನ ಕೆಸರು ತಂದು ಸುರಿಯಬೇಕು, ದಿನವೂ ಅದಕ್ಕೆ ಹೊಲಸು ನೀರು ಉಣಿಸಬೇಕು ಎಂದ ರಿಪೇರಿಯವನು. ಕೊಳವೆಗೇ ಸೀಲು ಹಾಕಿದ ಮೇಲೆ ಹೊಲಸು ನೀರು ಎಲ್ಲಿಂದ ಬರಬೇಕು? ನಿಯಮ ಬರೆದವರ ತಲೆಯಲ್ಲೂ ಅತ್ತಿಗೆ ಒಂದು ಬಕೆಟ್ ಬ್ಲೀಚಿಂಗ್ ಸುರಿದಿದ್ದಳೋ ಏನೋ ಎಂದು ನಾನು ಸಿಟ್ಟಿನಲ್ಲಿ ಬೈದೆ. ಕಡೆಗೆ ಅತ್ತಿಗೆ ಟೈಲರಮ್ಮನ ಬಾಗಿಲಿಗೆ ಹೋಗಿ ನಿಂತಳು. ಅವಳು ಒಂದು ಕೊಂಕು ಮಾತೂ ಆಡಲಿಲ್ಲ. "ನನ್ನ ಮನೆ ಗಲೀಜಿಗೂ ಒಂದು ಕಾಲ ಬಂತು ನೋಡಿ ಅಕ್ಕಾ. ಎಷ್ಟು ಬೇಕೋ ಅಷ್ಟು ತಗೊಳ್ಳಿ" ಎಂದಳು.

ಟ್ಯಾಂಕು ಚೇತರಿಸಿಕೊಳ್ಳಲು ವಾರಗಳೇ ಬೇಕಿತ್ತು. ಅಷ್ಟು ದಿನ ಅಣ್ಣನನ್ನು ಎಲ್ಲಿಡುವುದು? ನನ್ನದು ಮೂರನೇ ಮಹಡಿಯ ಒಂಟಿ ಕೋಣೆ, ಕುರ್ಚಿ ತಿರುಗಿಸಲಾಗದಷ್ಟು ಕಿರಿದಾದ ಮೆಟ್ಟಿಲು. ಅತ್ತಿಗೆ ಬೇಸನ್ನಿನಲ್ಲೇ ಅವನ ಮೈ ಒರೆಸಿ, ಕೊಳೆ ನೀರು ಹೊತ್ತು ಹಿತ್ತಲ ಟ್ಯಾಂಕಿನ ಬಾಯಿಗೇ ಸುರಿದು ಬರುತ್ತಿದ್ದಳು. ಒಂದು ದಿನ ಹೊಸ್ತಿಲಲ್ಲಿ ಜಾರಿ ಸೊಂಟ ಹಿಡಿದುಕೊಂಡಿತು. ಅವನನ್ನು ಮಗ್ಗುಲು ಬದಲಿಸಲು ಕೂಡ ಕೈಲಾಗದೆ ಹೋಯಿತು. ನಾನು ಕೆಲಸ ಮುಗಿಸಿ ಬಂದು ಮಾಡುತ್ತಿದ್ದುದು ಏನೇನೂ ಸಾಲಲಿಲ್ಲ. ಅಣ್ಣನ ಬೆನ್ನಿನಲ್ಲಿ ಮೊದಲ ಹುಣ್ಣು ಎದ್ದಿತು, ಕೀವಾಯಿತು, ಜ್ವರ ಏರಿತು. ವಾರ್ಡಿಗೆ ಸೇರಿಸದೆ ಬೇರೆ ದಾರಿ ಇರಲಿಲ್ಲ.

ಗಾಡಿಗೆ ಹತ್ತಿಸುವಾಗ ಅವನು ಅವಳನ್ನು ಬೈಯಲಿಲ್ಲ. ಎಡಗೈಯಲ್ಲಿ ಅವಳ ಸೆರಗು ಹಿಡಿದುಕೊಂಡ, ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅದು ಅತ್ತಿಗೆ ದುಡಿದಿದ್ದ ವಾರ್ಡೇ. ಆದರೆ ಅವಳ ಕಾಲದವರು ಯಾರೂ ಉಳಿದಿರಲಿಲ್ಲ. ಸಂಜೆ ಹೊತ್ತು ಬಿಟ್ಟರೆ ಒಳಗೆ ಬಿಡುತ್ತಿರಲಿಲ್ಲ. ಹೋದಾಗಲೆಲ್ಲ ಹಾಸಿಗೆ ಒದ್ದೆ. "ಮನೆಗೆ?" ಎಂದು ಅವನು ತೊದಲುವುದು, "ಟ್ಯಾಂಕು ಸರಿಯಾಗ್ಲಿ ರೀ" ಎಂದು ಇವಳು ಹೇಳುವುದು.

ಕೊನೆಗೂ ಟ್ಯಾಂಕು ಪಾಸಾಯಿತು. ಬೆಳಿಗ್ಗೆ ಬಂದು ಸೀಲು ಕತ್ತರಿಸಿದರು. ಅತ್ತಿಗೆ ಸೊಂಟ ಹಿಡಿದುಕೊಂಡೇ ನನ್ನ ಜೊತೆ ಆಸ್ಪತ್ರೆಗೆ ಓಡಿಬಂದಳು. ಅವನಿಗೆ ತಾನೇ ಹೇಳಬೇಕು, ನೀನು ಬಾಯಿ ಬಿಡಬೇಡ ಎಂದು ದಾರಿಯುದ್ದಕ್ಕೂ ನನಗೆ ತಾಕೀತು.

ಸಂಜೆ ಬನ್ನಿ ಎಂದು ತಡೆದ ಕಾವಲಿನವನನ್ನು ಕಾಡಿ ಬೇಡಿ ವಾರ್ಡಿನ ಬಾಗಿಲ ತನಕ ಹೋದೆವು. ಅಣ್ಣನ ಮಂಚ ಖಾಲಿಯಿತ್ತು. ಹಾಸಿಗೆ ಸುತ್ತಿಟ್ಟಿದ್ದರು. ಬೆಳಗಿನ ಜಾವವೇ ಹೋಗಿಬಿಟ್ಟರು ಎಂದು ಪಕ್ಕದ ಮಂಚದವನು ಮುಖ ತಿರುಗಿಸಿಕೊಂಡು ಹೇಳಿದ. ಮಂಚದ ಕೆಳಗೆ ಬ್ಲೀಚಿಂಗ್ ನೀರು ಚೆಲ್ಲಿ ಒರೆಸುತ್ತಿದ್ದ ಹೆಂಗಸು ತಲೆ ಎತ್ತದೆ ಕೂಗಿದಳು: "ಒಳಗೆ ಬರ್ಬೇಡಿ, ನೆಲ ಒದ್ದೆ ಇದೆ!"

ಅದೇ ಬಾಗಿಲಲ್ಲಿ ನಿಂತ ಎಷ್ಟೋ ಮಂದಿಗೆ ಅತ್ತಿಗೆಯೂ ಅದನ್ನೇ ಕೂಗಿ ಹೇಳಿದ್ದಳು. ಅವಳು ಚಪ್ಪಲಿ ಕಳಚಿ ಬದಿಗಿಟ್ಟು, ನೆಲ ಒಣಗುವವರೆಗೂ ಹೊರಗೇ ನಿಂತಳು.